ಆನೆ ಹಿಡಿದ ಸ್ಯಾಂಡರ್ಸನ್ ದೊರೆ

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಮೇಲೆ ದೊಡ್ಡಗಾಜನೂರು ಎಂಬ ಊರಿದೆ. ಮೇರುನಟ ಡಾ. ರಾಜ್‌ಕುಮಾರ್ ಅವರ ಊರೆಂದು ಅದು ಎಲ್ಲೆಡೆ ಹೆಸರಾಗಿದೆ. ಸತ್ಯಮಂಗಲದಿಂದ ಹೊರಟ ಬಸ್ಸು ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಹತ್ತಿ, ಹಾಸನೂರನ್ನು ದಾಟಿ ಈ ಕಡೆಗೆ ಬರುತ್ತದೆ. ದಾರಿಯುದ್ದಕ್ಕೂ ಕಾಡು. ಕಬ್ಬು ತುಂಬಿದ ಲಾರಿ ಬಂದರೆ ಆನೆಗಳು ರಸ್ತೆಗೆ ಅಡ್ಡ ನಿಂತು ಸೊಂಡಿಲಿನಿಂದ ಕಬ್ಬನ್ನು ಎಳೆದುಕೊಂಡು ತಿನ್ನುವುದನ್ನು ಇಲ್ಲಿಯ ಮಕ್ಕಳು ಬಸ್ಸಿನ ಕಿಟಕಿಯಿಂದಲೇ ನೋಡಿದ್ದಾರೆ. ಊರಿನ ಹೆಸರಿನಲ್ಲಿ ಗಜ ಇದೆಯೋ ಇಲ್ಲವೋ ಬಲ್ಲವರು ಹೇಳಬೇಕು. ಊರಿನ ಗಡಿಯಲ್ಲಂತೂ ಇದೆ!

ರಾಗಿ ತೆನೆ ಬಲಿಯುವ ಕಾಲದಲ್ಲಿ ಇಲ್ಲಿಯ ರೈತರಿಗೆ ನಿದ್ದೆಯಿಲ್ಲ. ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಕಾವಲು ಕೂರುತ್ತಾರೆ. ಬೆಂಕಿ ಹಾಕುತ್ತಾರೆ, ತಮಟೆ ಬಡಿಯುತ್ತಾರೆ, ಪಟಾಕಿ ಸಿಡಿಸುತ್ತಾರೆ. ಈಗ ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ. ಆದರೂ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಹೋಗುವುದುಂಟು. ಹೊಸೂರು, ತಳಿ ಕಡೆಯ ಮಕ್ಕಳಿಗೂ ಈ ಕಷ್ಟ ಗೊತ್ತಿದೆ.

ಸುಮಾರು 150 ವರ್ಷಗಳ ಹಿಂದೆಯೂ ಈ ಕಷ್ಟ ಹೀಗೆಯೇ ಇತ್ತು. ಆಗ ತಾಳವಾಡಿ ಕಡೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ಚಾಮರಾಜನಗರ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆನೆಗಳಿಗೆ ಈ ಗಡಿಯಾವುದೂ ತಿಳಿಯದು. ಅವು ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಎರಡೂ ಕಡೆಯ ಹೊಲಗಳಿಗೆ ನುಗ್ಗುತ್ತಿದ್ದವು. ಆಗ ಚಾಮರಾಜನಗರದ ಕಡೆ ಒಬ್ಬ ತರುಣ ಅಧಿಕಾರಿ ಇದ್ದರು. ಅವರ ಹೆಸರು ಜಾರ್ಜ್ ಸ್ಯಾಂಡರ್ಸನ್. ಜನ ಅವರನ್ನು ದೊರೆ ಎಂದು ಕರೆಯುತ್ತಿದ್ದರು. ಆಗ ಬಿಳಿಯ ಅಧಿಕಾರಿಗಳನ್ನೆಲ್ಲ ಹಾಗೆಯೇ ಕರೆಯುವುದು ರೂಢಿ.

ಸ್ಯಾಂಡರ್ಸನ್ ಅವರು 1848ರಲ್ಲಿ ಭಾರತದಲ್ಲಿಯೇ ಹುಟ್ಟಿದರು. ತಂದೆ ಡೇನಿಯಲ್ ಸ್ಯಾಂಡರ್ಸನ್ ಕ್ರೈಸ್ತ ಪಾದ್ರಿ. ಮೈಸೂರು ಸೀಮೆಯಲ್ಲಿ ಇದ್ದು ಅವರು ಕನ್ನಡವನ್ನು ಚೆನ್ನಾಗಿ ಕಲಿತಿದ್ದರು. ರೀವ್ ಎಂಬವರು ಮೊದಲು ಮಾಡಿದ್ದ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ, 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಇವರೇ. ನಿಘಂಟು ಎಂದರೆ ಪದಗಳ ಅರ್ಥ ಹೇಳುವ ಪುಸ್ತಕ.

ಬಾಲಕ ಜಾರ್ಜ್ ಓದಿದ್ದು ಇಂಗ್ಲೆಂಡಿನಲ್ಲಿ. ಓದು ಮುಗಿದ ಮೇಲೆ 1864ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು. ಆಗ ಅವರಿಗೆ ಬರೀ 16 ವರ್ಷ. ತಂದೆಯಂತೆಯೇ ಕನ್ನಡ ಕಲಿತರು. ಅವರ ಮುಂದಿನ ಬದುಕಿಗೆ ಈ ಕನ್ನಡವೇ ದೊಡ್ಡ ಆಸರೆಯಾಯಿತು. ಕಾಡಿನ ಜನರ ಜೊತೆ ನೇರವಾಗಿ ಮಾತನಾಡಬಲ್ಲ ಅಧಿಕಾರಿಗಳು ಆ ಕಾಲದಲ್ಲಿ ಬಹಳ ಇರಲಿಲ್ಲ.

ಅವರಿಗೆ ಮೈಸೂರು ಸರ್ಕಾರದಲ್ಲಿ ನೀರಾವರಿ ನಾಲೆಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಾಲೆಯ ಏರಿಯ ಮೇಲೆ ದಿನವೂ ಹತ್ತಾರು ಮೈಲಿ ಓಡಾಟ. ಎಲ್ಲಿ ನಾಲೆ ಒಡೆದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುತ್ತಾ ಹೋಗುವಾಗ ರೈತರು ಎದುರಾಗುತ್ತಿದ್ದರು. ಅವರೆಲ್ಲ ನೀರಿನ ಮಾತಿಗಿಂತ ಆನೆಯ ಮಾತನ್ನೇ ಹೆಚ್ಚು ಆಡುತ್ತಿದ್ದರು. ಕಾಡಿನ ಅಂಚಿನ ಎಷ್ಟೋ ಹೊಲಗಳು ಪಾಳು ಬಿದ್ದಿದ್ದವು. ಸ್ಯಾಂಡರ್ಸನ್ ಅವರು ಚಾಮರಾಜನಗರದ ಸಮೀಪ, ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಬಿಡಾರ ಮಾಡಿಕೊಂಡರು.

ಅಲ್ಲಿ ಅವರಿಗೆ ಗುರುಗಳಾದವರು ಸೋಲಿಗರು. ಹೆಜ್ಜೆ ಗುರುತು ಯಾವಾಗ ಮೂಡಿದ್ದು, ಲದ್ದಿ ಎಷ್ಟು ಹೊತ್ತಿನದು, ಹಿಂಡು ಯಾವ ಕಡೆ ಹೋಗಿದೆ ಎಂಬುದನ್ನು ಸೋಲಿಗರು ನೋಡಿದ ಕೂಡಲೇ ಹೇಳುತ್ತಿದ್ದರು. ಅವರ ಹಿಂದೆ ನಡೆದು ನಡೆದು ಸ್ಯಾಂಡರ್ಸನ್ ಅವರು ಆನೆಗಳ ಹಾದಿಯನ್ನು ಕಲಿತರು. ಆನೆಯ ಎತ್ತರವನ್ನು ಆನೆ ಇಲ್ಲದೆಯೇ ಅಳೆಯುವ ಒಂದು ಉಪಾಯವಿದೆ. ಮುಂಗಾಲಿನ ಹೆಜ್ಜೆ ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಬೇಕು. ಹೆಚ್ಚು ಕಡಿಮೆ ಅದೇ ಆನೆಯ ಭುಜದ ಎತ್ತರ. ಸ್ಯಾಂಡರ್ಸನ್ ಅವರು ಇದನ್ನು ಪರೀಕ್ಷಿಸಿ, ಸರಿಯೆಂದು ಕಂಡುಕೊಂಡು ತಮ್ಮ ಪುಸ್ತಕದಲ್ಲಿ ಬರೆದರು. ಈಗಲೂ ಅರಣ್ಯ ಇಲಾಖೆಯವರು ಇದನ್ನು ಬಳಸುತ್ತಾರೆ.

ಅವರು ಬೇಟೆಗಾರರೂ ಆಗಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹುಲಿ, ಕಾಟಿ, ಆನೆಗಳನ್ನು ಅವರು ಕೊಂದಿದ್ದಾರೆ. ಆ ಕಾಲದಲ್ಲಿ ಬೇಟೆ ಹೆಮ್ಮೆಯ ವಿಷಯವಾಗಿತ್ತು. ಇಂದು ಅದು ಅಪರಾಧ.

ಆನೆಗಳನ್ನು ಗುಂಡಿಟ್ಟು ಕೊಲ್ಲುವುದಕ್ಕಿಂತ ಹಿಡಿದು ಪಳಗಿಸಿದರೆ ರೈತರಿಗೂ ನೆಮ್ಮದಿ, ಸರ್ಕಾರಕ್ಕೂ ಲಾಭ ಎಂದು ಸ್ಯಾಂಡರ್ಸನ್ ಅವರು ಯೋಚಿಸಿದರು. ಮರದ ದಿಮ್ಮಿ ಎಳೆಯಲು, ಸೈನ್ಯದ ಸಾಮಾನು ಹೊರಲು ಆಗ ಆನೆಗಳು ಬೇಕಾಗಿದ್ದವು. ಈ ಕಡೆಯ ಕಾಡುಗಳಲ್ಲಿ ಆನೆ ಹಿಡಿಯಲು ಗುಂಡಿ ತೋಡುವ ಪದ್ಧತಿಯಿತ್ತು. ಗುಂಡಿಯ ಮೇಲೆ ಕೊಂಬೆ, ಎಲೆ ಹರಡಿ ಮುಚ್ಚುತ್ತಿದ್ದರು. ಅದರಲ್ಲಿ ಬಿದ್ದ ಆನೆಗಳು ಕಾಲು ಮುರಿದುಕೊಂಡು ನರಳಿ ಸಾಯುತ್ತಿದ್ದವು. ಇದು ಸ್ಯಾಂಡರ್ಸನ್ ಅವರಿಗೆ ಹಿಡಿಸಲಿಲ್ಲ. ಇಡೀ ಹಿಂಡನ್ನು ಒಟ್ಟಿಗೆ ಕೂಡಿಹಾಕುವ ಖೆಡ್ಡಾ ಪದ್ಧತಿಯನ್ನು ಮೈಸೂರಿನಲ್ಲಿ ಮಾಡಿ ತೋರಿಸುತ್ತೇನೆಂದು ಸರ್ಕಾರಕ್ಕೆ ಬರೆದರು. ಹಲವರು ನಕ್ಕರು. ನೂರು ವರ್ಷ ಹಿಂದೆ ಹೈದರಾಲಿಯೇ ಕಾಕನಕೋಟೆಯಲ್ಲಿ ಪ್ರಯತ್ನಿಸಿ ಸೋತಿದ್ದನು. ಮುಂದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದೆಂದು ಕಲ್ಲಿನಲ್ಲಿ ಶಾಪ ಬರೆಸಿದ್ದನು ಎಂದು ಜನ ಹೇಳುತ್ತಿದ್ದರು.

1873ರಲ್ಲಿ ಮಾಡಿದ ಮೊದಲ ಪ್ರಯತ್ನ ಸೋತಿತು. ನಕ್ಕವರು ಮತ್ತಷ್ಟು ನಕ್ಕಿರಬೇಕು. ಸ್ಯಾಂಡರ್ಸನ್ ಅವರು ಬಿಡಲಿಲ್ಲ. ಎಲ್ಲಿ ತಪ್ಪಾಯಿತೆಂದು ನೋಡಿ, 1874ರ ಜೂನ್ ತಿಂಗಳಲ್ಲಿ ಮತ್ತೆ ಕೈ ಹಾಕಿದರು.

ಚಾಮರಾಜನಗರದ ಬಳಿ ಹೊನ್ನುಹೊಳೆ ಹರಿಯುತ್ತದೆ. ಅದಕ್ಕೆ ಸುವರ್ಣಾವತಿ ಎಂಬ ಹೆಸರೂ ಇದೆ. ಆನೆಗಳು ಹೊಳೆಯ ಬದಿಯ ಪೊದೆಕಾಡಿಗೆ ಬರುವುದನ್ನು ಕಾದು, ನೂರಾರು ಜನ ಸದ್ದಿಲ್ಲದೆ ಸುತ್ತುವರಿದರು. ಹಳ್ಳಿಯವರು, ಸೋಲಿಗರು, ಕುರುಬರು ಎಲ್ಲರೂ ಇದ್ದರು. ರಾತ್ರಿ ಸುತ್ತಲೂ ಬೆಂಕಿ ಉರಿಸಿದರು. ಹಿಂಡು ಹೊರಗೆ ಹೋಗಲು ಬಂದಾಗಲೆಲ್ಲ ತಮಟೆ ಬಡಿದು, ಕೂಗಿ ಹಿಂದಕ್ಕೆ ಅಟ್ಟಿದರು. ಒಳಗೆ ಆಳವಾದ ಕಂದಕ ತೋಡಿ ಒಂದು ದೊಡ್ಡ ದೊಡ್ಡಿಯನ್ನು ಮಾಡಿದರು. ಅದಕ್ಕೆ ಒಂದೇ ಬಾಗಿಲು. ಮೆಲ್ಲಮೆಲ್ಲನೆ ಹಿಂಡನ್ನು ಆ ಬಾಗಿಲಿನ ಕಡೆಗೆ ನೂಕಿ ಒಳಗೆ ಸೇರಿಸಿದರು. ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳು ಸಿಕ್ಕಿದವು. ಸಲಗ, ಹೆಣ್ಣಾನೆ, ಹಾಲು ಕುಡಿಯುವ ಮರಿ ಎಲ್ಲವೂ ಆ ದೊಡ್ಡಿಯಲ್ಲಿದ್ದವು.

ಆಮೇಲೆ ಮಾವುತರ ಕೆಲಸ. ಪಳಗಿದ ಕುಂಕಿ ಆನೆಗಳ ಮೇಲೆ ಕುಳಿತು ಅವರು ದೊಡ್ಡಿಯ ಒಳಗೆ ಹೋದರು. ಎರಡು ಕುಂಕಿಗಳು ಒಂದು ಕಾಡಾನೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತಿದ್ದವು. ಮಾವುತರು ಜಾರಿ ಇಳಿದು ಅದರ ಹಿಂಗಾಲುಗಳಿಗೆ ಹಗ್ಗ ಬಿಗಿಯುತ್ತಿದ್ದರು. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಖೆಡ್ಡಾದ ಹೆಸರು ಬಂದಾಗ ಎಲ್ಲರೂ ಸ್ಯಾಂಡರ್ಸನ್ ಅವರನ್ನು ನೆನೆಯುತ್ತಾರೆ. ಹಗ್ಗ ಬಿಗಿದ ಮಾವುತರನ್ನು ನೆನೆಯುವವರು ಕಡಿಮೆ.

ಈ ಗೆಲುವಿನಿಂದ ಸ್ಯಾಂಡರ್ಸನ್ ಅವರ ಹೆಸರು ದೇಶದಲ್ಲೆಲ್ಲ ಹರಡಿತು. 1875ರಲ್ಲಿ ಸರ್ಕಾರ ಅವರನ್ನು ಬಂಗಾಳಕ್ಕೆ ಕರೆಸಿಕೊಂಡಿತು. ಢಾಕಾದಲ್ಲಿದ್ದ ಆನೆ ಹಿಡಿಯುವ ಇಲಾಖೆಯನ್ನು ಅವರ ಕೈಗೆ ಕೊಟ್ಟಿತು. ಚಿತ್ತಗಾಂಗ್ ಬೆಟ್ಟಗಳಲ್ಲಿ, ಗಾರೋ ಬೆಟ್ಟಗಳಲ್ಲಿ ಅವರು ಆನೆ ಹಿಡಿಸಿದರು. 1878ರಲ್ಲಿ ಭಾರತದ ಕಾಡುಪ್ರಾಣಿಗಳ ನಡುವೆ ತಾವು ಕಳೆದ 13 ವರ್ಷಗಳನ್ನು ಕುರಿತು ದೊಡ್ಡ ಪುಸ್ತಕವನ್ನು ಬರೆದರು. ಮೋಗ್ಲಿಯ ಕಥೆ ಬರೆದ ಕಿಪ್ಲಿಂಗ್ ಅವರ ಹೆಸರನ್ನು ನೀವು ಕೇಳಿದ್ದೀರಿ. ಅವರ ಇನ್ನೊಂದು ಕಥೆಯಲ್ಲಿ ತೂಮಾಯ್ ಎಂಬ ಮಾವುತರ ಹುಡುಗನೂ ಆನೆ ಹಿಡಿಸುವ ಪೀಟರ್ಸನ್ ಸಾಹೇಬನೂ ಬರುತ್ತಾರೆ. ಆ ಸಾಹೇಬನ ಪಾತ್ರಕ್ಕೆ ಸ್ಯಾಂಡರ್ಸನ್ ಅವರೇ ಮಾದರಿ ಎಂದು ಹೇಳುತ್ತಾರೆ.

ಸ್ಯಾಂಡರ್ಸನ್ ಅವರ ಪುಸ್ತಕದಲ್ಲಿ ಒಂದು ವಿಷಯ ಬಹಳ ಮುಖ್ಯವಾದದ್ದು. ಅದನ್ನು ಸ್ವಲ್ಪ ನಿಧಾನವಾಗಿ ತಿಳಿಯೋಣ.

ಹಸು, ಎಮ್ಮೆ, ಆಡು, ಕುರಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟುತ್ತವೆ, ಅಲ್ಲೇ ಬೆಳೆಯುತ್ತವೆ. ಹಸು ಬೇಕೆಂದು ಯಾರೂ ಕಾಡಿಗೆ ಹೋಗುವುದಿಲ್ಲ. ಆನೆ ಮನುಷ್ಯನ ಜೊತೆ ಸಾವಿರಾರು ವರ್ಷಗಳಿಂದ ಇದೆ. ಅರಮನೆಯಲ್ಲಿ, ದೇವಾಲಯದಲ್ಲಿ, ಸೈನ್ಯದಲ್ಲಿ ಇದೆ. ಆದರೂ ಹೊಸ ಆನೆ ಬೇಕಾದಾಗಲೆಲ್ಲ ಜನ ಕಾಡಿಗೇ ಹೋದರು. ಸಾಕಿದ ಆನೆಗಳಿಂದ ಮರಿಗಳನ್ನು ಪಡೆಯಲು ಏಕೆ ಆಗಲಿಲ್ಲ?

ಆನೆ ಬಹಳ ನಾಚಿಕೆಯ ಪ್ರಾಣಿ, ಮನುಷ್ಯರ ಬಳಿ ಇದ್ದಾಗ ಮರಿ ಹಾಕುವುದೇ ಇಲ್ಲ ಎಂದು ಆಗ ಅನೇಕರು ನಂಬಿದ್ದರು. ಸ್ಯಾಂಡರ್ಸನ್ ಅವರು ಇದನ್ನು ಒಪ್ಪಲಿಲ್ಲ. ಬರ್ಮಾ, ಸಯಾಂ ದೇಶಗಳಲ್ಲಿ ಸಾಕಿದ ಆನೆಗಳನ್ನು ಕೆಲಸವಾದ ಮೇಲೆ ಕಾಡಿಗೆ ಬಿಡುತ್ತಾರೆ, ಅಲ್ಲಿ ಅವು ಮರಿ ಹಾಕುತ್ತವೆ ಎಂದು ತೋರಿಸಿಕೊಟ್ಟರು. ಭಾರತದಲ್ಲಿ ಗಂಡಾನೆ, ಹೆಣ್ಣಾನೆಗಳನ್ನು ಬೇರೆ ಬೇರೆ ಕಟ್ಟಿಹಾಕುತ್ತಾರೆ, ಹಾಗಾಗಿ ಮರಿಗಳಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಅವರ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಅವರು ಮರಿ ಮಾಡಿಸುವ ಕೆಲಸವನ್ನು ಆರಂಭಿಸಿದರೇ? ಇಲ್ಲ. ಅವರು ಒಂದು ಲೆಕ್ಕ ಹಾಕಿದರು. ಆನೆಮರಿ ಹುಟ್ಟಿ ದುಡಿಮೆಗೆ ಬರಲು ಸುಮಾರು 15 ವರ್ಷ ಬೇಕು. ಅಷ್ಟು ಕಾಲ ಅದಕ್ಕೆ ಮೇವು ಹಾಕಬೇಕು, ಆಳು ಇಡಬೇಕು. ಬಸಿರಾದ ಆನೆಯಿಂದಲೂ ಹಾಲೂಡುವ ಆನೆಯಿಂದಲೂ ಕೆಲಸ ಮಾಡಿಸುವಂತಿಲ್ಲ. ಇಷ್ಟೆಲ್ಲ ಖರ್ಚು ಮಾಡುವ ಬದಲು, ಕಾಡು ಪುಕ್ಕಟೆಯಾಗಿ ಸಾಕಿ ಬೆಳೆಸಿದ ಆನೆಯನ್ನು ಖೆಡ್ಡಾದಲ್ಲಿ ಹಿಡಿದರೆ ಬಹಳ ಅಗ್ಗ. ರೂಪಾಯಿಯ ಲೆಕ್ಕದಲ್ಲಿ ಇದು ಸರಿಯಾಗಿಯೇ ಇತ್ತು. ಕಾಡಿನಲ್ಲಿ ಆನೆಗಳು ಯಾವಾಗಲೂ ಬೇಕಾದಷ್ಟು ಇರುತ್ತವೆ ಎಂದು ಅವರು ನಂಬಿದ್ದರು. ಮದರಾಸು ಸರ್ಕಾರ 1873ರಲ್ಲಿಯೇ ಕಾಡಾನೆಗಳನ್ನು ಕೊಲ್ಲದಂತೆ ಕಾಯಿದೆ ಮಾಡಿತ್ತು. ಆದ್ದರಿಂದ ಆನೆಗಳ ಸಂಖ್ಯೆ ಹೆಚ್ಚುತ್ತದೆ ಎಂದೇ ಅವರ ಎಣಿಕೆ. ಆನೆ ನೂರು ವರ್ಷಕ್ಕೂ ಮೀರಿ ಬದುಕುತ್ತದೆ ಎಂದೂ ಅವರು ನಂಬಿದ್ದರು. ಆನೆಯ ಆಯಸ್ಸು ಸುಮಾರು 60ರಿಂದ 70 ವರ್ಷ ಎಂದು ಈಗ ತಿಳಿದಿದೆ.

ಈಗ ನಾವು ಇನ್ನೊಂದು ಲೆಕ್ಕವನ್ನು ಮಾಡಿ ನೋಡೋಣ. ಕಾಡಿನಲ್ಲಿ ಹೆಣ್ಣಾನೆ ಮೊದಲ ಮರಿ ಹಾಕುವಾಗ ಅದಕ್ಕೆ ಸುಮಾರು 15 ವರ್ಷ ಆಗಿರುತ್ತದೆ. ಮರಿ ಹೊಟ್ಟೆಯಲ್ಲಿರುವುದು 20ರಿಂದ 22 ತಿಂಗಳು. ಹಸುವಿಗೆ ಒಂಬತ್ತೇ ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಹುಟ್ಟಿದ ಮರಿಯ ತೂಕ ಸುಮಾರು 100 ಕಿಲೋ. ಅದು ಎರಡು ಮೂರು ವರ್ಷ ಹಾಲು ಕುಡಿಯುತ್ತದೆ. ಹೀಗಾಗಿ ಎರಡು ಮರಿಗಳ ನಡುವೆ ನಾಲ್ಕೈದು ವರ್ಷ ಅಂತರ. ಒಂದು ಆನೆಗೆ 50 ವರ್ಷ ಆಗುವ ಹೊತ್ತಿಗೆ ಹೆಚ್ಚೆಂದರೆ ಏಳೆಂಟು ಮರಿಗಳು. ಅವುಗಳಲ್ಲಿ ಕೆಲವು ಎಳೆಯ ವಯಸ್ಸಿನಲ್ಲೇ ಸಾಯುತ್ತವೆ. ಖೆಡ್ಡಾದಲ್ಲಿ ಒಂದೇ ಸಲಕ್ಕೆ ಐವತ್ತು ಆನೆಗಳನ್ನು ಹಿಡಿಯಬಹುದು. ಆ ಐವತ್ತನ್ನು ಕಾಡು ಮತ್ತೆ ಕೊಡಬೇಕಾದರೆ ಎಷ್ಟು ವರ್ಷ ಬೇಕು? ಹಿಡಿದ ಆನೆಗಳೆಲ್ಲ ಬದುಕುತ್ತಲೂ ಇರಲಿಲ್ಲ. ಹಗ್ಗದ ಗಾಯ ಕೊಳೆತು, ಮೇವು ಬಿಟ್ಟು, ತಾಯಿಯಿಂದ ಅಗಲಿ ಎಷ್ಟೋ ಆನೆಗಳು ಕೆಲವೇ ದಿನಗಳಲ್ಲಿ ಸತ್ತವು. ಈ ಲೆಕ್ಕವನ್ನು ಆಗ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸ್ಯಾಂಡರ್ಸನ್ ಅವರು ಮುಂದೆ ಮೈಸೂರಿಗೆ ಮರಳಿ ಬಂದರು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಅವರಿಗೆ ಖೆಡ್ಡಾವನ್ನು ತೋರಿಸಲಾಯಿತು. ಅಂದಿನಿಂದ ಖೆಡ್ಡಾ ಎಂದರೆ ಅತಿಥಿಗಳಿಗೆ ತೋರಿಸುವ ದೊಡ್ಡ ಉತ್ಸವವೂ ಆಯಿತು. ಕಾಡಿನಲ್ಲಿ ತಿರುಗಿ ತಿರುಗಿ ಸ್ಯಾಂಡರ್ಸನ್ ಅವರ ಆರೋಗ್ಯ ಕೆಟ್ಟಿತ್ತು. 1892ರಲ್ಲಿ ಅವರು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರ್ ಅವರು ಮೃಗಾಲಯವನ್ನು ಸ್ಥಾಪಿಸಿದ್ದೂ ಅದೇ ವರ್ಷ. ಶಾಲೆಯ ಪ್ರವಾಸದಲ್ಲಿ ನೀವು ಅದನ್ನು ನೋಡಿರಬಹುದು.

ಸ್ಯಾಂಡರ್ಸನ್ ಅವರು ಹೋದರೂ ಖೆಡ್ಡಾ ನಿಲ್ಲಲಿಲ್ಲ. ಕಾಕನಕೋಟೆಯಲ್ಲಿ ಮತ್ತೆ ಮತ್ತೆ ನಡೆಯಿತು. ಅಷ್ಟರಲ್ಲಿ ಕಾಡು ಕಡಿದು ತೋಟಗಳಾದವು, ಅಣೆಕಟ್ಟುಗಳು, ರಸ್ತೆಗಳು ಬಂದವು. ದಂತಕ್ಕಾಗಿ ಕಳ್ಳಬೇಟೆಗಾರರು ಸಲಗಗಳನ್ನು ಕೊಂದರು. ನಮ್ಮ ಕಾಡುಗಳಲ್ಲಿಯೂ ಕೊಂದರು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1977ರಲ್ಲಿ ಆನೆಗೆ ಆ ಕಾಯಿದೆಯ ಅತಿ ಹೆಚ್ಚಿನ ರಕ್ಷಣೆ ದೊರೆಯಿತು. ಇಂದು ಏಷ್ಯಾದ ಆನೆ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. 2025ರಲ್ಲಿ ಹೊರಬಂದ ಗಣತಿಯ ಪ್ರಕಾರ ಭಾರತದ ಕಾಡುಗಳಲ್ಲಿ ಸುಮಾರು 22,446 ಆನೆಗಳಿವೆ. ನಮ್ಮ ಎಷ್ಟೋ ಪಟ್ಟಣಗಳ ಜನಸಂಖ್ಯೆ ಇದಕ್ಕಿಂತ ಹೆಚ್ಚು.

ಕಾಡಿನಿಂದ ಹಿಡಿಯುವುದು ನಿಂತ ಮೇಲೆ, ಸ್ಯಾಂಡರ್ಸನ್ ಅವರು ಖರ್ಚಿನ ಕಾರಣಕ್ಕೆ ಬದಿಗಿಟ್ಟ ಪ್ರಶ್ನೆ ಮತ್ತೆ ಎದುರು ಬಂದಿತು. ಸಾಕಿದ ಆನೆಗಳು ಮರಿ ಹಾಕುವಂತೆ ಮಾಡುವುದು ಹೇಗೆ? ಪ್ರಪಂಚದ ಮೃಗಾಲಯಗಳೆಲ್ಲ ಪ್ರಯತ್ನಿಸಿದವು. ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ 1962ರಲ್ಲಿ ಪ್ಯಾಕಿ ಎಂಬ ಗಂಡುಮರಿ ಹುಟ್ಟಿದಾಗ ಅದನ್ನು ನೋಡಲು ಜನ ಸಾಲುಗಟ್ಟಿ ನಿಂತರು. ಅಮೆರಿಕದಲ್ಲಿ ಆನೆಮರಿ ಹುಟ್ಟಿ 40 ವರ್ಷಗಳೇ ಕಳೆದಿದ್ದವು! ಹಸುಗಳಿಗೆ ಪಶುವೈದ್ಯರು ಸೂಜಿಮದ್ದಿನಂತೆ ಕೊಡುವ ಕೃತಕ ಗರ್ಭಧಾರಣೆಯನ್ನು ನೀವು ಹಳ್ಳಿಯಲ್ಲಿ ನೋಡಿರುತ್ತೀರಿ. ಅದೇ ರೀತಿಯಲ್ಲಿ ಏಷ್ಯಾದ ಆನೆಯೊಂದು ಮೊದಲ ಬಾರಿಗೆ ಮರಿ ಹಾಕಿದ್ದು 1999ರಲ್ಲಿ, ಅದೂ ಅಮೆರಿಕದಲ್ಲಿ.

ಏಕೆ ಇಷ್ಟು ಕಷ್ಟ? ಗಂಡಾನೆಗೆ ಮದ ಬರುತ್ತದೆ. ಆಗ ಅದು ಮಾವುತನ ಮಾತನ್ನೂ ಕೇಳುವುದಿಲ್ಲ. ಹೆದರಿ ಅನೇಕರು ಹೆಣ್ಣಾನೆಗಳನ್ನು ಮಾತ್ರ ಸಾಕುತ್ತಾರೆ. ಬಹಳ ವರ್ಷ ಮರಿ ಹಾಕದೆ ಉಳಿದ ಹೆಣ್ಣಾನೆಯ ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆಯುತ್ತವೆ. ಆಮೇಲೆ ಮರಿಯಾಗುವುದು ಕಷ್ಟ. ಮರಿಯಾದರೂ ಭಯ ತಪ್ಪಿದ್ದಲ್ಲ. ಕಾಡಿನಲ್ಲಿ ಆನೆ ಹೆರುವಾಗ ಹಿಂಡಿನ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರು ಸುತ್ತಲೂ ನಿಲ್ಲುತ್ತಾರೆ. ಎಳೆಯ ಹೆಣ್ಣಾನೆ ಅದನ್ನು ನೋಡಿಯೇ ತಾಯಿಯಾಗುವುದನ್ನು ಕಲಿಯುತ್ತದೆ. ಒಂಟಿಯಾಗಿ ಬೆಳೆದ ಆನೆಗೆ ತನ್ನ ಕಾಲ ಬಳಿ ಬಿದ್ದಿರುವುದು ತನ್ನದೇ ಮರಿ ಎಂದು ತಿಳಿಯದೆ ಹೋಗಬಹುದು. ಅದು ಬೆದರಿ ಮರಿಯನ್ನು ಒದ್ದದ್ದುಂಟು, ಹಾಲು ಕೊಡದೆ ದೂರ ಸರಿದದ್ದುಂಟು. ಇದೆಲ್ಲವನ್ನೂ ದಾಟಿ ಬೆಳೆಯುತ್ತಿರುವ ಮರಿಗಳನ್ನು ಒಂದು ವೈರಸ್ ರೋಗ ಒಂದೆರಡು ದಿನಗಳಲ್ಲೇ ಕೊಲ್ಲುತ್ತದೆ. ವಿಜ್ಞಾನಿಗಳು ಆ ವೈರಸ್ಸನ್ನು ಗುರುತಿಸಿ 1999ರಲ್ಲಿ ಪ್ರಕಟಿಸಿದರು.

ಆನೆಗೆ ಮಾತ್ರ ಈ ಕಷ್ಟ ಎಂದುಕೊಳ್ಳಬೇಡಿ. ನಮ್ಮ ಮೋಯಾರು ಕಣಿವೆಯ ಮೇಲೆ ಹಾರುವ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಜಾನುವಾರುಗಳಿಗೆ ಕೊಡುತ್ತಿದ್ದ ನೋವಿನ ಮದ್ದೊಂದರಿಂದ ದೇಶದ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಸರ್ಕಾರ ಆ ಮದ್ದನ್ನು ಜಾನುವಾರುಗಳಿಗೆ ಕೊಡದಂತೆ ತಡೆಯಿತು. ಉಳಿದ ಕೆಲವನ್ನು ಹರಿಯಾಣದ ಪಿಂಜೋರ್ ಎಂಬಲ್ಲಿ ದೊಡ್ಡ ಪಂಜರಗಳಲ್ಲಿ ಇಟ್ಟು ಮರಿ ಮಾಡಿಸುತ್ತಿದ್ದಾರೆ.

ಆನೆಯ ವಿಷಯದಲ್ಲಿ ನಮ್ಮ ತಮಿಳುನಾಡಿನ ಮಾವುತರು ಮೃಗಾಲಯಗಳಿಗಿಂತ ಮುಂದಿದ್ದಾರೆ. ಮುದುಮಲೈ ಕಾಡಿನಲ್ಲಿ, ಅದೇ ಮೋಯಾರು ಹೊಳೆಯ ದಡದಲ್ಲಿ, ತೆಪ್ಪಕಾಡು ಎಂಬ ಹಳೆಯ ಆನೆ ಬಿಡಾರವಿದೆ. ಅಲ್ಲಿ ಹೆಣ್ಣಾನೆಗಳ ಕಾಲಿಗೆ ಉದ್ದನೆಯ ಸರಪಣಿ ಕಟ್ಟಿ ರಾತ್ರಿ ಮೇಯಲು ಕಾಡಿಗೆ ಬಿಡುತ್ತಿದ್ದರು. ಕಾಡಿನ ಸಲಗಗಳು ಅಲ್ಲಿಗೆ ಬರುತ್ತಿದ್ದವು. ಬೆಳಗ್ಗೆ ಮಾವುತ, ಕಾವಾಡಿಗಳು ಸರಪಣಿ ಎಳೆದ ಗುರುತನ್ನು ಹಿಡಿದು ಹೋಗಿ ಆನೆಯನ್ನು ಕರೆತರುತ್ತಿದ್ದರು. ಹೀಗೆ ಬಿಡಾರದ ಆನೆಗಳು ಮರಿ ಹಾಕಿದವು. ಆ ಮರಿಗಳ ತಂದೆ ಕಾಡಾನೆ. ನಮ್ಮ ರಾಜ್ಯದ ಮರದ ಕೆಲಸದ ಆನೆ ಬಿಡಾರಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹುಟ್ಟು ಸಾವಿನ ದಾಖಲೆ ಪುಸ್ತಕಗಳಿದ್ದವು. ಆನೆ ವೈದ್ಯರಾದ ಡಾ. ವಿ. ಕೃಷ್ಣಮೂರ್ತಿ, ವಿಜ್ಞಾನಿ ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು ಆ ಪುಸ್ತಕಗಳನ್ನು ತೆಗೆದು ಎಣಿಸಿದರು. ಅವರ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಕಾಡಿನಲ್ಲಿ ಮೇಯುವ ಈ ಆನೆಗಳು ಹೊಸದಾಗಿ ಹಿಡಿಯದೆಯೇ ತಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳಬಲ್ಲವು ಎಂದು ಅದರಿಂದ ತಿಳಿಯಿತು. ಬರ್ಮಾದ ಆನೆಗಳ ಬಗ್ಗೆ ಸ್ಯಾಂಡರ್ಸನ್ ಅವರು ಹೇಳಿದ್ದ ಮಾತು ನಮ್ಮ ಮನೆಯ ಬಾಗಿಲಲ್ಲೇ ನಿಜವಾಗಿತ್ತು. ಹೀಗೆ ಮರಿಯಾಗಬೇಕಾದರೆ ಬಿಡಾರದ ಪಕ್ಕದಲ್ಲಿ ಕಾಡು ಇರಬೇಕು, ಕಾಡಿನಲ್ಲಿ ಸಲಗ ಇರಬೇಕು.

ತಾಯಿಯಿಲ್ಲದ ಮರಿಯನ್ನು ಸಾಕುವುದು ಇನ್ನೂ ಕಷ್ಟ. 2019ರಲ್ಲಿ ನಮ್ಮ ಸತ್ಯಮಂಗಲದ ಕಾಡಿನಲ್ಲಿ ಒಂದು ಪುಟ್ಟ ಹೆಣ್ಣುಮರಿ ತಾಯಿಯನ್ನು ಬಿಟ್ಟು ಒಂಟಿಯಾಗಿತ್ತು. ಹಿಂಡಿಗೆ ಸೇರಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಅದನ್ನು ತೆಪ್ಪಕಾಡಿಗೆ ಕರೆದೊಯ್ದರು. ಆನೆಮರಿಗೆ ಹಸುವಿನ ಹಾಲು ಒಗ್ಗುವುದಿಲ್ಲ. ಎಳೆಗೂಸಿಗೆ ಕೊಡುವ ಹಾಲಿನ ಪುಡಿಯನ್ನು ಕಲಸಿ, ಹಗಲೂ ರಾತ್ರಿ ಕೆಲವು ಗಂಟೆಗಳಿಗೊಮ್ಮೆ ಬಾಟಲಿಯಲ್ಲಿ ಕುಡಿಸಬೇಕು. ಚಳಿಗೆ ಹೊದಿಸಬೇಕು. ಮಲಗಿದಾಗ ಪಕ್ಕದಲ್ಲಿ ಯಾರಾದರೂ ಇರಲೇಬೇಕು, ಇಲ್ಲವಾದರೆ ಮರಿ ಕೊರಗುತ್ತದೆ. ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿ ಈ ಬೊಮ್ಮಿ ಮರಿಯನ್ನೂ, ಅದಕ್ಕಿಂತ ಮೊದಲು ಬಂದಿದ್ದ ರಘು ಎಂಬ ಮರಿಯನ್ನೂ ಮಕ್ಕಳಂತೆ ಸಾಕಿದರು. ಅವರನ್ನು ಕುರಿತ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಸ್ಯಾಂಡರ್ಸನ್ ಅವರ ಕಾಲದ ಮಾವುತರನ್ನು ನೆನೆಯುವವರು ಕಡಿಮೆ. ಇವರ ಹೆಸರನ್ನು ಪ್ರಪಂಚವೇ ಕೇಳಿತು.

ಸ್ಯಾಂಡರ್ಸನ್ ಅವರು ಓಡಾಡಿದ ಜಾಗಗಳು ಈಗ ಬಹಳ ಬದಲಾಗಿವೆ. ಕಬಿನಿ ಹೊಳೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಕಾಕನಕೋಟೆಯ ಖೆಡ್ಡಾ ಬಯಲು ನೀರಿನಲ್ಲಿ ಮುಳುಗಿತು. ಕಂಬ ನೆಟ್ಟಿದ್ದ ಜಾಗ, ಅತಿಥಿಗಳು ಕುಳಿತು ನೋಡುತ್ತಿದ್ದ ಜಾಗ ಯಾವುದೂ ಈಗ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಹಸಿರು ಹುಲ್ಲು ಹುಟ್ಟುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡು ಕಡೆಯಿಂದ ನೂರಾರು ಆನೆಗಳು ಆ ಹುಲ್ಲಿಗೆ ಬರುತ್ತವೆ. ದೊಡ್ಡ ಆನೆಗಳು ಮೇಯುತ್ತಾ ನಿಂತಿರುತ್ತವೆ, ಮರಿಗಳು ಅವುಗಳ ಕಾಲುಗಳ ನಡುವೆ ನಿಂತು ಹಾಲು ಕುಡಿಯುತ್ತವೆ.